ತಿಪ್ಪಾರಳ್ಳಿಗೆ ಬಂದ ಲಂಡನ್ ಹಾಡು: ಟಿ. ಪಿ. ಕೈಲಾಸಂ

ಈ ಸಲದ ಸಂಚಿಕೆಗೆ ಒಂದು ತಮಾಷೆಯ ವೆಬ್‌ಕಾಮಿಕ್ ಮಾಡೋಣ ಅಂತ ನಮ್ಮ ಸಂಘದಲ್ಲಿ ಮಾತಾಯ್ತು. ದೊಡ್ಡಾಟದ ದುರ್ಯೋಧನ ಕಿರೀಟ, ಭುಜಕೀರ್ತಿ ಸಮೇತ ಹಾಸ್ಟೆಲ್ ಮೆಸ್ಸಿಗೆ ಬಂದ್ರೆ ಏನಾಗ್ತದೆ, ಸಾಲಿನಲ್ಲಿ ಅವನ ಮುಂದೆ ರಾಕಿ ಭಾಯ್ ನಿಂತಿದ್ರೆ ಏನಾಗ್ತದೆ, ಇಂಥವು. ನಮ್ಮಲ್ಲಿ ಅರ್ಧ ಜನ ದುಂಡಸಿ, ಶಿಗ್ಗಾವಿ, ಸವಣೂರು, ಹಾನಗಲ್ಲ ಕಡೆಯವರು. ದೊಡ್ಡಾಟ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೇಷ, ಹಾಡು, ಕುಣಿತ, ಬೆಳತನಕ ನಡೆಯೋ ಕತೆ. ಇಟಲಿಯವರು ತಮ್ಮದಕ್ಕೆ ಒಪೆರಾ ಅಂತಾರ, ನಾವು ಆಟ ಅಂತೀವಿ.

ಆದರೆ ಎಲ್ಲರಿಗೂ ಗೊತ್ತಿರೋ ಹಳೇ ಕತೆ ತಗೊಂಡು, ಇವತ್ತಿನ ಹಾಡು-ಸಿನಿಮಾ ಅದರೊಳಗೆ ತುರುಕಿ ನಗಿಸೋದು ನಮ್ಮ ಕಾಲದ ಆವಿಷ್ಕಾರ ಅಂತ ಯಾರಾದ್ರೂ ತಿಳಿದಿದ್ರೆ, ಅದು ತಪ್ಪು. ನೂರು ವರ್ಷದ ಹಿಂದೆಯೇ ಇದನ್ನ ಕನ್ನಡದಲ್ಲಿ ಮಾಡಿ ಜನರ ಹೊಟ್ಟೆ ಹುಣ್ಣಾಗಿಸಿದ ಮನುಷ್ಯ ಒಬ್ಬರಿದ್ರು. ಅವರು ಸಾಹಿತ್ಯ ಓದಿದವರೂ ಅಲ್ಲ. ನಮ್ಮ ಹಾಗೆ ವಿಜ್ಞಾನದ ಕಡೆಯವರು, ಭೂವಿಜ್ಞಾನಿ. ಹೆಸರು ತ್ಯಾಗರಾಜ ಪರಮಶಿವ ಕೈಲಾಸಂ. ಹೈಸ್ಕೂಲಿನಲ್ಲಿ ಅವರ ಬಗ್ಗೆ ಒಂದು ಪ್ಯಾರಾ ಬಾಯಿಪಾಠ ಮಾಡಿ ಮರೆತಿರ್ತೀವಿ. ಪ್ರಹಸನ ಪ್ರಪಿತಾಮಹ ಅನ್ನೋ ಬಿರುದು ಮಾತ್ರ ತಲೆಯಲ್ಲಿ ಉಳಿದಿರ್ತದೆ, ಅದೂ ಕಾಗುಣಿತ ತಪ್ಪಾಗಿ.

ಕೈಲಾಸಂ ಹುಟ್ಟಿದ್ದು 1884ರಲ್ಲಿ, ಮೈಸೂರು ಸಂಸ್ಥಾನದಲ್ಲಿ ನೆಲೆಸಿದ್ದ ತಮಿಳು ಕುಟುಂಬದಲ್ಲಿ. ಮನೆಮಾತು ತಮಿಳು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ. ತಂದೆ ಟಿ. ಪರಮಶಿವ ಅಯ್ಯರ್ ಸಂಸ್ಥಾನದಲ್ಲಿ ದೊಡ್ಡ ನ್ಯಾಯಾಧೀಶರು. ಆ ತಂದೆಯೂ ಸಾಮಾನ್ಯ ಆಸಾಮಿ ಅಲ್ಲ. ಋಗ್ವೇದವನ್ನು ಭೂವಿಜ್ಞಾನದ ಕಣ್ಣಿನಿಂದ ಓದಿ ಒಂದು ಪುಸ್ತಕ ಬರೆದವರು, ರಾವಣನ ಲಂಕೆ ಇದ್ದದ್ದು ಸಮುದ್ರದಾಚೆ ಅಲ್ಲ, ಮಧ್ಯ ಭಾರತದಲ್ಲೇ ಅಂತ ಇನ್ನೊಂದು ಪುಸ್ತಕದಲ್ಲಿ ವಾದಿಸಿದವರು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಫ್ಯಾನ್ ಥಿಯರಿ ಆ ಮನೆಯಲ್ಲಿ ತಲೆಮಾರಿನಿಂದ ಬಂದದ್ದು.

ಹುಡುಗ ಓದಿನಲ್ಲಿ ಚುರುಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಹಗಲು ಕಲ್ಲು, ಖನಿಜ, ಮೈಕ್ರೋಸ್ಕೋಪು. ಸಂಜೆಯಾದರೆ ನಾಟಕದ ಮನೆಗಳು. ಅಲ್ಲಿ ಆಗ ಎರಡು ಲೋಕ ಇದ್ದವು. ಒಂದು ಕಡೆ ಗಂಭೀರ ನಾಟಕ, ಒಪೆರಾ. ಇನ್ನೊಂದು ಕಡೆ ಮ್ಯೂಸಿಕ್ ಹಾಲ್ ಅನ್ನೋ ಜನಸಾಮಾನ್ಯರ ಮನರಂಜನೆ: ಹಾಡು, ನಕಲಿ, ಸರ್ಕಸ್ಸಿನಂಥ ಆಟ ಎಲ್ಲ ಒಂದೇ ಟಿಕೆಟಿಗೆ. ಪಲ್ಲವಿ ಬಂದಾಗ ಪ್ರೇಕ್ಷಕರೂ ಗಂಟಲು ಹರಿಯೋ ಹಾಗೆ ಕೂಡಿ ಹಾಡೋದು ರೂಢಿ. ಇವೆರಡರ ನಡುವೆ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಹಾಸ್ಯ ಒಪೆರಾಗಳು ಇದ್ದವು. 1885ರ 'ಮಿಕಾಡೊ' ಅವುಗಳಲ್ಲೆಲ್ಲ ಪ್ರಸಿದ್ಧ. ಒಪೆರಾದ ಗತ್ತನ್ನೇ ಇಟ್ಟುಕೊಂಡು, ಅದೇ ಗತ್ತಿನಿಂದ ಮಂತ್ರಿಗಳನ್ನು, ಅಧಿಕಾರಿಗಳನ್ನು ಗೇಲಿ ಮಾಡೋ ಆಟಗಳು ಅವು. ಇಂಥ ಊರಿನಲ್ಲಿ ನಾಟಕದ ಹುಚ್ಚಿರೋ ಹುಡುಗನನ್ನ ಬಿಟ್ರೆ ಕಲ್ಲು ಎಷ್ಟು ದಿನ ಕೈಯಲ್ಲಿ ನಿಂತೀತು?

1915ರ ಹೊತ್ತಿಗೆ ವಾಪಸ್ ಬಂದರು. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ. ಶಿವಮೊಗ್ಗ, ಕೆಜಿಎಫ್ ಕಡೆಗೆಲ್ಲ ಹಾಕಿದರು. (ಹೌದು, ಕೆಜಿಎಫ್. ಆದ್ರೆ ಇವರು ಅಲ್ಲಿಂದ ಹೊರಟಿದ್ದು ಬಂಗಾರ ಇಲ್ಲದೆ.) ಸರ್ಕಾರಿ ನೌಕರಿ ಅವರಿಗೆ ಒಗ್ಗಲಿಲ್ಲ, ಅವರೂ ನೌಕರಿಗೆ ಒಗ್ಗಲಿಲ್ಲ. ಕೆಲವೇ ವರ್ಷದಲ್ಲಿ ಬಿಟ್ಟರು. ನ್ಯಾಯಾಧೀಶರ ಮಗ, ಸರ್ಕಾರದ ದುಡ್ಡಿನಲ್ಲಿ ಲಂಡನ್ನಿಗೆ ಹೋಗಿ ಓದಿದವನು, ಪಿಂಚಣಿ ಬರೋ ಕೆಲಸ ಬಿಟ್ಟು ನಾಟಕ ಅಂತ ಕೂತ. ಪ್ಲೇಸ್‌ಮೆಂಟ್ ಆಫರ್ ಬಿಟ್ಟು ರೀಲ್ಸ್ ಮಾಡ್ತೀನಿ ಅಂತ ಮನೆಯಲ್ಲಿ ಒಮ್ಮೆ ಹೇಳಿ ನೋಡ್ರಿ, ಆಗ ಆ ಮನೆಯ ವಾತಾವರಣ ಅಂದಾಜಾಗ್ತದೆ.

ಇನ್ನು ಹಾಡಿನ ವಿಷಯಕ್ಕೆ ಬರೋಣ, ನಮ್ಮ ಕಾಮಿಕ್ ತಂಡಕ್ಕೆ ಬೇಕಾದದ್ದು ಅದೇ. 1912ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮ್ಯೂಸಿಕ್ ಹಾಲ್ ಹಾಡು ಬಂತು. ಲಂಡನ್ನಿಗೆ ಬಂದ ಐರಿಷ್ ಮನುಷ್ಯನೊಬ್ಬ ತನ್ನ ಟಿಪ್ಪರೆರಿ ಎಷ್ಟು ದೂರ ಅಂತ ಹಲುಬೋ ಹಾಡು. ಎರಡು ವರ್ಷದಲ್ಲಿ ಮಹಾಯುದ್ಧ ಶುರುವಾಯ್ತು, ಸೈನಿಕರು ಅದನ್ನೇ ಹಾಡ್ತಾ ಯುದ್ಧಕ್ಕೆ ನಡೆದರು. ಹಾಡು ಭೂಲೋಕಕ್ಕೆಲ್ಲ ಗೊತ್ತಾಯ್ತು. ಕೈಲಾಸಂ ಅದೇ ಧಾಟಿ ಹಿಡಿದು ಟಿಪ್ಪರೆರಿಯನ್ನ ತಿಪ್ಪಾರಳ್ಳಿ ಮಾಡಿದರು. ಅಷ್ಟೇ. ಒಂದು ಊರಿನ ಹೆಸರು ಬದಲಾಯ್ತು, ಐರ್ಲೆಂಡು ಕರ್ನಾಟಕ ಆಯ್ತು. ಇದು ಅನುವಾದ ಅಲ್ಲ. ಶಬ್ದದ ಕಿವಿ ಹಿಡಿದು ಎಳೆದು ತಂದದ್ದು. ಮೂಲ ಹಾಡು ಗೊತ್ತಿದ್ದವರಿಗೆ ಎರಡು ಪಟ್ಟು ನಗು, ಗೊತ್ತಿಲ್ಲದವರಿಗೂ ಊರು ಬಿಟ್ಟು ಬಂದ ಹಳ್ಳಿಯವನ ಸಂಕಟ ತಟ್ಟಿಯೇ ತಟ್ಟುತ್ತದೆ. ಪಾಪ್ ಕಲ್ಚರ್ ರೆಫರೆನ್ಸ್ ಹಾಕೋರು ಈ ಎರಡನೇ ಗುಂಪನ್ನ ಸಾಮಾನ್ಯವಾಗಿ ಮರೀತಾರೆ.

ಇದಕ್ಕಿಂತ ದೊಡ್ಡ ಕಿತಾಪತಿ 'ಕೋಳಿಕೆ ರಂಗ'. ಕಾನ್‌ಸ್ಟಾಂಟಿನೋಪಲ್ ಅನ್ನೋ ಉದ್ದನೆಯ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ, ರಾಗವಾಗಿ, ಓಡುವ ಓಟದಲ್ಲಿ ಹೇಳೋ ಇಂಗ್ಲಿಷ್ ಹಾಡು ಇದೆ. ಅದರ ಮಜಾ ಪೂರ್ತಿ ಸ್ಪೆಲ್ಲಿಂಗಿನಲ್ಲಿದೆ. ಈಗ ತೊಡಕು ಏನಂದ್ರೆ, ಕನ್ನಡದಲ್ಲಿ ಸ್ಪೆಲ್ಲಿಂಗ್ ಅನ್ನೋದೇ ಇಲ್ಲ, ನುಡಿದ ಹಾಗೆ ಬರೀತೀವಿ. ಹಾಗಾದ್ರೆ ಆ ನಗೆ ಕನ್ನಡಕ್ಕೆ ಬರೋದು ಹೇಗೆ? ಕೈಲಾಸಂ ಹಳ್ಳಿ ಶಾಲೆಯ ಕಾಗುಣಿತ ಎಳೆದು ತಂದರು. ಕೊಂಬು, ಸೊನ್ನೆ ಅಂತ ಅಕ್ಷರವನ್ನ ಬಿಚ್ಚಿ ಹೇಳೋ ನಮ್ಮ ಒಂದನೇ ಕ್ಲಾಸಿನ ಪದ್ಧತಿಯನ್ನೇ ಆ ಓಟದ ಧಾಟಿಗೆ ಕೂರಿಸಿದರು. ರಂಗ ತನ್ನ ಹೆಸರನ್ನ ತಾನೇ ಬಿಡಿಸಿ ಹೇಳ್ಕೋತಾನೆ. ಒಂದು ಸಿಸ್ಟಮ್ಮಿಗೆ ಬರೆದ ಪ್ರೋಗ್ರಾಮನ್ನ ಇನ್ನೊಂದಕ್ಕೆ ಪೋರ್ಟ್ ಮಾಡಿದವರಿಗೆ ಈ ಕೆಲಸದ ಕಷ್ಟ ಗೊತ್ತಿರ್ತದೆ. ಸಾಲಿಗೆ ಸಾಲು ನಕಲು ಹೊಡೆದ್ರೆ ಓಡೋದಿಲ್ಲ, ಆ ಕೆಲಸ ಮಾಡೋ ಭಾಗ ಇಲ್ಲಿ ಯಾವುದಿದೆ ಅಂತ ಹುಡುಕಬೇಕು.

ನಾಟಕದ ಕತೆ ಇನ್ನೂ ದೊಡ್ಡದು. ಆ ಕಾಲದ ಕನ್ನಡ ರಂಗಭೂಮಿ ಅಂದ್ರೆ ಕಂಪನಿ ನಾಟಕ. ನಮ್ಮ ಕಡೆ ಶಿರಹಟ್ಟಿ ವೆಂಕೋಬರಾಯರು, ಗದುಗಿನ ಗರುಡ ಸದಾಶಿವರಾಯರು, ಮೈಸೂರು ಕಡೆ ವರದಾಚಾರ್ಯರು, ಗುಬ್ಬಿ ವೀರಣ್ಣನವರು. ಜರತಾರಿ ರಾಜರು, ಹಾರ್ಮೋನಿಯಂ, ಮಾತಿಗಿಂತ ಹೆಚ್ಚು ಹಾಡು. ಬಾಣ ತಾಗಿದವನೂ ಹಾಡಿಯೇ ಸಾಯಬೇಕು, ಒನ್ಸ್ ಮೋರ್ ಅಂತ ಕೂಗಿದ್ರೆ ಎದ್ದು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಒಪೆರಾದಲ್ಲೂ ಇದೇ ಹಾಡು, ಇದೇ ಪಾಡು. ನಾವು ಇದನ್ನ ಹೀಯಾಳಿಸೋದಿಲ್ಲ. ಊರೂರಿಗೆ ಸಂಗೀತ ಹೊತ್ತೊಯ್ದವರು ಅವರೇ. ಆದರೆ ಆ ವೇದಿಕೆ ಮೇಲೆ ನಮ್ಮ ಮನೆ, ನಮ್ಮ ಅಡುಗೆಮನೆ ಜಗಳ, ನಮ್ಮ ಪರೀಕ್ಷೆ ಯಾವುದೂ ಇರಲಿಲ್ಲ. ರಾಜ ಆಡೋ ಕನ್ನಡವನ್ನ ಪ್ರೇಕ್ಷಕರಲ್ಲಿ ಒಬ್ಬನೂ ಮನೆಯಲ್ಲಿ ಆಡ್ತಿರಲಿಲ್ಲ.

1918ರ ಸುಮಾರಿಗೆ ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನ ಸ್ಪರ್ಧೆಯಲ್ಲಿ ಕೈಲಾಸಂ ಅವರ 'ಟೊಳ್ಳುಗಟ್ಟಿ' ಬಹುಮಾನ ಪಡೆಯಿತು. ಇದನ್ನ ಇಂಜಿನಿಯರಿಂಗ್ ಹುಡುಗರು ಓದಲೇಬೇಕು. ಅಣ್ಣ-ತಮ್ಮ ಇಬ್ಬರು. ಪುಟ್ಟು ಅನ್ನೋನು ರ‍್ಯಾಂಕ್ ಹುಡುಗ, ಪುಸ್ತಕ ಬಿಟ್ಟು ತಲೆ ಎತ್ತೋನಲ್ಲ. ಮಾಧು ಓದಿನಲ್ಲಿ ಹಿಂದೆ, ಮನೆಕೆಲಸ, ಆಟ ಅಂತ ಇರೋನು. ಅಪ್ಪನ ಕಣ್ಣಿಗೆ ಪುಟ್ಟು ಗಟ್ಟಿ, ಮಾಧು ಟೊಳ್ಳು. ಮನೆಗೆ ನಿಜವಾದ ಕಷ್ಟ ಬಂದ ದಿನ ಯಾರು ಟೊಳ್ಳು, ಯಾರು ಗಟ್ಟಿ ಅಂತ ಗೊತ್ತಾಗ್ತದೆ. ಸಿಜಿಪಿಎ ಅನ್ನೋ ಶಬ್ದ ಇಲ್ಲ ಅನ್ನೋದೊಂದು ಬಿಟ್ರೆ ನಿನ್ನೆ ಬರೆದ ನಾಟಕದ ಹಾಗಿದೆ. ಕ್ಲಾಸಿನಲ್ಲಿ ಫಸ್ಟ್ ಬಂದ ಮನುಷ್ಯನೇ ಇದನ್ನ ಬರೆದದ್ದು ಅನ್ನೋದು ಇದರ ಖಾರ ಹೆಚ್ಚಿಸ್ತದೆ.

ಆಮೇಲೆ ಸಾಲು ಸಾಲು. 'ಪೋಲಿ ಕಿಟ್ಟಿ', 'ಹೋಂ ರೂಲು', 'ಬಂಡ್ವಾಳ್ವಿಲ್ಲದ ಬಡಾಯಿ', 'ನಂ ಕ್ಲಬ್ಬು', ನಾಟಕದವರನ್ನೇ ನಾಟಕಕ್ಕೆ ಎಳೆದ 'ನಂ ಕಂಪ್ನಿ'. ಹೆಸರುಗಳನ್ನ ನೋಡಿದ್ರೇ ಸಾಕು, ಬಾಯಲ್ಲಿ ಬಂದ ಹಾಗೆ ಬರೆದದ್ದು. ಪಾತ್ರಗಳು ಇಂಗ್ಲಿಷ್ ಕಲಸಿದ ಬೆಂಗಳೂರು ಕನ್ನಡ ಮಾತಾಡ್ತಾವೆ. ಭಾಷೆ ಕೆಡಿಸಿದ ಅಂತ ಪಂಡಿತರು ಗೊಣಗಿದರು. ಆದರೆ ಆ ಮಿಶ್ರಣ ಸುಮ್ನೆ ಅಲ್ಲ. ಯಾವನು ಎಷ್ಟು ಇಂಗ್ಲಿಷ್ ಬಿಡ್ತಾನೆ ಅನ್ನೋದರಿಂದಲೇ ಅವನೊಳಗೆ ಎಷ್ಟು ಟೊಳ್ಳಿದೆ ಅಂತ ಅಳೀಬಹುದು. ನಗಿಸ್ತಾ ನಗಿಸ್ತಾ ಕುತ್ತಿಗೆಗೂ ಕೈ ಹಾಕ್ತಾರೆ. 'ತಾಳಿ ಕಟ್ಟೋಕ್ಕೂಲಿನೇ' ವರದಕ್ಷಿಣೆಯ ಮೇಲೆ, 'ಬಹಿಷ್ಕಾರ' ಜಾತಿಯಿಂದ ಹೊರಗೆ ಹಾಕೋ ಕ್ರೌರ್ಯದ ಮೇಲೆ, ಅದರಲ್ಲಿ ನಗೋಕೆ ಹೆಚ್ಚೇನಿಲ್ಲ. ಆಮೇಲೆ ನಮ್ಮ ಧಾರವಾಡದಲ್ಲಿ ಶ್ರೀರಂಗರು ಸಾಮಾಜಿಕ ನಾಟಕದ ದಾರಿಯನ್ನ ತಮ್ಮದೇ ರೀತಿಯಲ್ಲಿ ಮುಂದುವರಿಸಿದರು.

ಒಂದು ಮಾತು ಹೇಳಲೇಬೇಕು. ಕೈಲಾಸಂ ಲೋಕ ಬಹಳ ಮಟ್ಟಿಗೆ ಬೆಂಗಳೂರು-ಮೈಸೂರಿನ ಬ್ರಾಹ್ಮಣ ಮನೆಗಳ ಲೋಕ. ಹಾವೇರಿ ಜಿಲ್ಲೆಯಿಂದ ಓದೋರಿಗೆ ಮೊದಲ ಇಪ್ಪತ್ತು ಪುಟ ಪರದೇಶದ ಹಾಗೆ ಅನಿಸ್ತದೆ. ಕಣ್ಣಲ್ಲಿ ಓದಿದ್ರೆ ಅರ್ಧ ಜೋಕು ಹತ್ತೋದಿಲ್ಲ. ಗಟ್ಟಿಯಾಗಿ ಓದಬೇಕು, ಸಾಧ್ಯ ಆದ್ರೆ ನಾಲ್ಕು ಜನ ಕೂತು ಪಾತ್ರ ಹಂಚಿಕೊಂಡು.

ಅದಕ್ಕೆ ಕಾರಣ ಇದೆ. ಕೈಲಾಸಂ ಬರೀತಿರಲಿಲ್ಲ, ಹೇಳ್ತಿದ್ದರು. ನಾಟಕ ಪೂರ್ತಿ ತಲೆಯಲ್ಲಿ ಇರೋದು. ಅಪ್ಪನ ಬಂಗಲೆಯ ಪಕ್ಕದ ಒಂದು ಸಣ್ಣ ಮನೆಯಲ್ಲಿ, ಅದಕ್ಕೆ ನೂಕ್ ಅಂತ ಹೆಸರು, ಗೆಳೆಯರನ್ನ ಕೂರಿಸಿಕೊಂಡು ಎಲ್ಲ ಪಾತ್ರವನ್ನೂ ತಾವೇ ಆಡಿ ತೋರಿಸೋದು. ಸಿಗರೇಟು ಆರ್ತಿರಲಿಲ್ಲ. ಯಾರಾದ್ರೂ ಪುಣ್ಯಾತ್ಮರು ಪೆನ್ನು ಹಿಡಿದು ಕೂತ್ರೆ ಆ ನಾಟಕ ಉಳೀತು, ಇಲ್ಲಾಂದ್ರೆ ಆ ರಾತ್ರಿಯ ಜೊತೆಗೇ ಹೋಯ್ತು. ಇವತ್ತು ನಮ್ಮ ಕೈಯಲ್ಲಿರೋ ಕೈಲಾಸಂ ಅಂದ್ರೆ ಗೆಳೆಯರು ಬರೆದುಕೊಂಡ ಕೈಲಾಸಂ. ಬ್ಯಾಕಪ್ ಇಲ್ಲದ ಹಾರ್ಡ್ ಡಿಸ್ಕಿನಿಂದ ಸಿಕ್ಕಷ್ಟು ತೆಗೆದದ್ದು. ಬೋಹೀಮಿಯನ್ ಬದುಕು ಅಂತ ಇದನ್ನ ಹೊಗಳಿ ಬರೆಯೋರಿದ್ದಾರೆ. ನಮಗೆ ಹಾಗೆ ಹೊಗಳೋಕೆ ಮನಸ್ಸಿಲ್ಲ. ಕುಡಿತ, ಹೊತ್ತುಗೊತ್ತಿಲ್ಲದ ದಿನಚರಿ, ಕೈಯಲ್ಲಿ ದುಡ್ಡಿಲ್ಲದ ವರ್ಷಗಳು, ಇವೆಲ್ಲ ಜೊತೆಗಿದ್ದವು. ಇದರ ಬೆಲೆಯನ್ನ ಅವರೂ ಕೊಟ್ಟರು, ಅವರ ಮನೆಯವರೂ ಕೊಟ್ಟರು. ನಮಗೆ ಉಳಿದದ್ದು ನಗು ಮಾತ್ರ.

ಕನ್ನಡದಲ್ಲಿ ಮನೆಮಂದಿಯ ಮೇಲೆ ನಗೆನಾಟಕ ಕಟ್ಟಿದ ಈ ಮನುಷ್ಯ ಇಂಗ್ಲಿಷಿನಲ್ಲಿ ಪೂರಾ ಬೇರೆಯೇ ಆಗ್ತಾರೆ. ಅಲ್ಲಿ ಮಹಾಭಾರತ, ಅಲ್ಲಿ ಕಾವ್ಯ, ಒಂದೂ ಜೋಕಿಲ್ಲ. 'ದಿ ಪರ್ಪಸ್' ಏಕಲವ್ಯನ ಕತೆ. ವಿದ್ಯೆ ಒಂದೇ, ಕಲಿಯೋ ಉದ್ದೇಶ ಬೇರೆ. ಅರ್ಜುನನಿಗೆ ಲೋಕದಲ್ಲೇ ದೊಡ್ಡ ಬಿಲ್ಗಾರ ಆಗಬೇಕು. ಏಕಲವ್ಯನಿಗೆ ಕಾಡಿನ ಜಿಂಕೆಮರಿಗಳನ್ನ ತೋಳಗಳಿಂದ ಉಳಿಸಬೇಕು. ಹೆಬ್ಬೆರಳು ಹೋದಾಗ ಹೋದದ್ದು ಬರೀ ಒಬ್ಬ ಹುಡುಗನ ಕೀರ್ತಿ ಅಲ್ಲ ಅನ್ನೋದು ಇಷ್ಟರಲ್ಲೇ ಗೊತ್ತಾಗಿಬಿಡ್ತದೆ. 'ಫುಲ್‌ಫಿಲ್‌ಮೆಂಟ್' ಅದೇ ಏಕಲವ್ಯನ ಸಾವು, ಕೃಷ್ಣನ ಕೈಯಿಂದ. ಕರ್ಣನ ಮೇಲೊಂದು ನಾಟಕ. ಇನ್ನು ಕೀಚಕ! ಬಯಲಾಟದಲ್ಲಿ ಕೀಚಕ ಅಂದ್ರೆ ಭೀಮನ ಕೈಯಲ್ಲಿ ಹಿಟ್ಟಾಗೋಕೆ ಹುಟ್ಟಿದ ಖಳ. ಕೈಲಾಸಂ ಅವನನ್ನ ದೊಡ್ಡ ಮನಸ್ಸಿನ ವೀರನನ್ನಾಗಿ ಕಂಡರು. ಖಳನ ಕಡೆಯಿಂದ ಕತೆ ಹೇಳೋದು ಇವತ್ತಿನ ಫ್ಯಾನ್ ಫಿಕ್ಷನ್ನಿನ ದೊಡ್ಡ ಚಟ. ಆದ್ರೆ ಬಹಳಷ್ಟು ಸಲ ಅದು ಕತೆಯನ್ನ ತಲೆಕೆಳಗು ಮಾಡೋ ಖುಷಿಗಷ್ಟೇ ಇರ್ತದೆ. ಇಲ್ಲಿ ಹಾಗಲ್ಲ, ಆ ಪಾತ್ರಗಳ ಮೇಲಿನ ಪ್ರೀತಿ ಕಾಣ್ತದೆ.

ಮನೆಮಾತು ತಮಿಳು ಅಂತ ಮೊದಲೇ ಹೇಳಿದೆವಲ್ಲ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮದರಾಸಿನಲ್ಲಿ, ಅಧ್ಯಕ್ಷರು ಕೈಲಾಸಂ. ತಾವು ಹುಡುಗನಾಗಿ ಭೂವಿಜ್ಞಾನ ಓದಿದ ಅದೇ ತಮಿಳರ ಊರಿಗೆ, ಕನ್ನಡದವರ ದೊಡ್ಡವನಾಗಿ ಹೋದರು. ಭಾಷೆ ಕೆಡಿಸಿದವ ಅಂತ ಬೈಸಿಕೊಂಡವರಿಗೆ ಕನ್ನಡದವರು ಕೊಡಬಹುದಾಗಿದ್ದ ದೊಡ್ಡ ಮರ್ಯಾದೆ ಅದು. ಮುಂದಿನ ವರ್ಷವೇ, 1946ರ ನವೆಂಬರ್ 23ರಂದು, ಬೆಂಗಳೂರಿನಲ್ಲಿ ತೀರಿಕೊಂಡರು. ಕೀಚಕನ ನಾಟಕ ಆಗಿನ್ನೂ ಅಚ್ಚಾಗಿರಲಿಲ್ಲ. ಅದು ಪುಸ್ತಕವಾಗಿ ಬಂದದ್ದು 1949ರಲ್ಲಿ.