ಪೀಟರ್ ಕ್ರೇವನ್

ಪೀಟರ್ ಕ್ರೇವನ್ (ಜೂನ್ 21, 1934 – ಸೆಪ್ಟೆಂಬರ್ 24, 1963) ಇಂಗ್ಲೆಂಡಿನ ಪ್ರಸಿದ್ಧ ಸ್ಪೀಡ್‌ವೇ ಮೋಟಾರ್‌ಸೈಕಲ್ ಸವಾರರು. 1955 ಮತ್ತು 1962ರಲ್ಲಿ ಎರಡು ಬಾರಿ ವೈಯಕ್ತಿಕ ವಿಶ್ವ ಚಾಂಪಿಯನ್ ಪಟ್ಟವನ್ನು ಗೆದ್ದರು. ಸುಮಾರು ಐದು ಅಡಿ ಎತ್ತರದ ಸಣ್ಣ ಮೈಕಟ್ಟಿನ ಇವರನ್ನು ಕ್ರೀಡಾಭಿಮಾನಿಗಳು ಸಮತೋಲನದ ಮಾಂತ್ರಿಕ ಎಂದು ಕರೆಯುತ್ತಿದ್ದರು. ಪಂದ್ಯವೊಂದರಲ್ಲಿ ಎದುರಾಳಿಗೆ ಡಿಕ್ಕಿಯಾಗುವುದನ್ನು ತಪ್ಪಿಸಲು ಹೋಗಿ ಅಪಘಾತಕ್ಕೀಡಾದ ಇವರು ತಮ್ಮ 29ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಆರಂಭಿಕ ಜೀವನ

ಕ್ರೇವನ್ ಹುಟ್ಟಿದ್ದು ಇಂಗ್ಲೆಂಡಿನ ಬಂದರು ನಗರವಾದ ಲಿವರ್‌ಪೂಲ್‌ನಲ್ಲಿ. ಇವರ ಅಣ್ಣ ಬ್ರಯಾನ್ ಕ್ರೇವನ್ ಸಹ ಸ್ಪೀಡ್‌ವೇ ಸವಾರರಾಗಿದ್ದರು. 1950ರ ದಶಕದ ಆರಂಭದಲ್ಲಿ ಲಿವರ್‌ಪೂಲ್ ತಂಡದ ಮೂಲಕ ಈ ಕ್ರೀಡೆಗೆ ಕಾಲಿಟ್ಟ ಪೀಟರ್, ಬಳಿಕ ಮ್ಯಾಂಚೆಸ್ಟರ್ ನಗರದ ಬೆಲ್ ವ್ಯೂ ಏಸಸ್ ತಂಡವನ್ನು ಸೇರಿದರು. ಜೀವನದ ಕೊನೆಯವರೆಗೂ ಅದೇ ತಂಡದ ಸವಾರರಾಗಿದ್ದರು.

ಸವಾರಿಯ ಶೈಲಿ

ಸ್ಪೀಡ್‌ವೇ ಪಂದ್ಯದ ಮೋಟಾರ್‌ಸೈಕಲ್‌ಗೆ ಬ್ರೇಕ್ ಇರುವುದಿಲ್ಲ, ಗೇರ್ ಒಂದೇ. ನಾಲ್ವರು ಸವಾರರು ಸಡಿಲವಾದ ಮೇಲ್ಪದರವುಳ್ಳ ಅಂಡಾಕಾರದ ಪಥವನ್ನು ಎಡಕ್ಕೆ ತಿರುಗುತ್ತಾ ನಾಲ್ಕು ಸುತ್ತು ಹಾಕುತ್ತಾರೆ. ತಿರುವುಗಳಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲನ್ನು ನೆಲಕ್ಕೆ ತಾಗಿಸಿ, ಮೈಭಾರ ಮತ್ತು ಇಂಜಿನ್ನಿನ ವೇಗ ಇವೆರಡರಿಂದಲೇ ವಾಹನವನ್ನು ಹತೋಟಿಯಲ್ಲಿಡಬೇಕು. ಹಗುರ ದೇಹದ ಸವಾರನಿಗೆ ಭಾರವಾದ ಯಂತ್ರವನ್ನು ಬಾಗಿಸುವುದು ಕಷ್ಟ. ಕ್ರೇವನ್ ಈ ಕೊರತೆಯನ್ನು ತಮ್ಮ ಚುರುಕುತನದಿಂದ ತುಂಬಿಕೊಂಡರು. ಆಸನದ ಮೇಲೆ ಕ್ಷಣಕ್ಷಣಕ್ಕೂ ಸ್ಥಾನ ಬದಲಿಸುತ್ತಾ, ಬೀಳುವಂತೆ ಕಂಡ ಸ್ಥಿತಿಯಿಂದಲೂ ಚೇತರಿಸಿಕೊಂಡು ಮುನ್ನುಗ್ಗುವುದು ಇವರ ವೈಶಿಷ್ಟ್ಯವಾಗಿತ್ತು.

ವಿಶ್ವ ಚಾಂಪಿಯನ್ ಪಟ್ಟ

ಆ ಕಾಲದ ವಿಶ್ವ ಫೈನಲ್ ಒಂದೇ ರಾತ್ರಿಯಲ್ಲಿ ಮುಗಿಯುತ್ತಿತ್ತು. 16 ಸವಾರರು 20 ಓಟಗಳಲ್ಲಿ ಸೆಣಸುತ್ತಿದ್ದರು. ಪ್ರತಿಯೊಬ್ಬರಿಗೂ ಐದು ಓಟಗಳು. ಗೆದ್ದವರಿಗೆ 3, ಎರಡನೆಯವರಿಗೆ 2, ಮೂರನೆಯವರಿಗೆ 1 ಅಂಕ ಸಿಗುತ್ತಿತ್ತು. 1955ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಕ್ರೇವನ್ 13 ಅಂಕ ಗಳಿಸಿ, ನ್ಯೂಜಿಲೆಂಡಿನ ರೋನಿ ಮೂರ್ ಮತ್ತು ಬ್ಯಾರಿ ಬ್ರಿಗ್ಸ್ ಅವರನ್ನು ಹಿಂದಿಕ್ಕಿದರು. ಆಗ ಇವರಿಗೆ 21 ವರ್ಷ. 1949ರ ಟಾಮಿ ಪ್ರೈಸ್ ನಂತರ ಈ ಪಟ್ಟ ಗೆದ್ದ ಎರಡನೆಯ ಇಂಗ್ಲಿಷ್ ಸವಾರ ಇವರೇ.

ಮುಂದಿನ ವರ್ಷಗಳಲ್ಲಿ ಸ್ಪರ್ಧೆ ತೀವ್ರವಾಯಿತು. ಬ್ರಿಗ್ಸ್, ಮೂರ್ ಮತ್ತು ಸ್ವೀಡನ್ನಿನ ಓವೆ ಫುಂಡಿನ್ ಪಟ್ಟವನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. 1957ರಲ್ಲಿ ಕ್ರೇವನ್ ಮೂರನೆಯವರಾದರು. 1960ರಲ್ಲಿ ಫುಂಡಿನ್, ಮೂರ್ ಮತ್ತು ಕ್ರೇವನ್ ಮೂವರೂ ತಲಾ 14 ಅಂಕ ಗಳಿಸಿದ್ದರಿಂದ ನಿರ್ಣಾಯಕ ಓಟ ನಡೆಸಬೇಕಾಯಿತು. ಅದರಲ್ಲಿ ಫುಂಡಿನ್ ಗೆದ್ದರು. ಕ್ರೇವನ್‌ಗೆ ಮತ್ತೆ ಮೂರನೆಯ ಸ್ಥಾನವೇ ದೊರೆಯಿತು. ಮೊದಲ ಗೆಲುವಿನ ಏಳು ವರ್ಷಗಳ ನಂತರ, 1962ರಲ್ಲಿ, ಅದೇ ವೆಂಬ್ಲಿಯಲ್ಲಿ 14 ಅಂಕಗಳೊಂದಿಗೆ ಕ್ರೇವನ್ ಮರಳಿ ವಿಶ್ವ ಚಾಂಪಿಯನ್ ಆದರು. ಬ್ರಿಗ್ಸ್ ಎರಡನೆಯ, ಫುಂಡಿನ್ ಮೂರನೆಯ ಸ್ಥಾನ ಪಡೆದರು. 1963ರಲ್ಲಿ ಬೆಲ್ ವ್ಯೂ ತಂಡವು ನ್ಯಾಷನಲ್ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಅಪಘಾತ ಮತ್ತು ಮರಣ

1963ರ ಸೆಪ್ಟೆಂಬರ್ 20ರಂದು ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ಮೆಡೋಬ್ಯಾಂಕ್ ಕ್ರೀಡಾಂಗಣದಲ್ಲಿ ಬೆಲ್ ವ್ಯೂ ಮತ್ತು ಎಡಿನ್‌ಬರೋ ತಂಡಗಳ ನಡುವೆ ಪಂದ್ಯ ನಡೆಯಿತು. ಓಟದ ನಡುವೆ ಎಡಿನ್‌ಬರೋ ತಂಡದ ಜಾರ್ಜ್ ಹಂಟರ್ ಪಥದ ಮೇಲೆ ಉರುಳಿದರು. ಹಿಂದಿನಿಂದ ಬರುತ್ತಿದ್ದ ಕ್ರೇವನ್, ಅವರಿಗೆ ತಾಗದಂತೆ ವಾಹನವನ್ನು ತಿರುಗಿಸಿದಾಗ ಹತೋಟಿ ತಪ್ಪಿ ಸುರಕ್ಷತಾ ಬೇಲಿಗೆ ಅಪ್ಪಳಿಸಿದರು. ಗಂಭೀರವಾಗಿ ಗಾಯಗೊಂಡಿದ್ದ ಇವರು ನಾಲ್ಕು ದಿನಗಳ ನಂತರ, ಸೆಪ್ಟೆಂಬರ್ 24ರಂದು, ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಂಟರ್ ಬದುಕುಳಿದು ಮುಂದೆಯೂ ಸ್ಪರ್ಧಿಸಿದರು.

ಸ್ಮರಣೆ

ಕ್ರೇವನ್ ಅವರ ನೆನಪಿನಲ್ಲಿ ಬೆಲ್ ವ್ಯೂನಲ್ಲಿ ಪೀಟರ್ ಕ್ರೇವನ್ ಸ್ಮಾರಕ ಟ್ರೋಫಿ ಎಂಬ ಸ್ಪರ್ಧೆಯನ್ನು ಏರ್ಪಡಿಸಲಾಯಿತು. ಇವರ ನಂತರ ಇಂಗ್ಲೆಂಡಿನ ಸವಾರರೊಬ್ಬರು ವಿಶ್ವ ಪಟ್ಟವನ್ನು ಗೆಲ್ಲಲು 1976ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಪೀಟರ್ ಕಾಲಿನ್ಸ್ ಕೂಡ ಬೆಲ್ ವ್ಯೂ ತಂಡದವರೇ. ಎರಡು ಬಾರಿ ವಿಶ್ವ ಚಾಂಪಿಯನ್ ಆದ ಏಕೈಕ ಇಂಗ್ಲಿಷ್ ಸವಾರ ಎಂಬ ಕ್ರೇವನ್ ಅವರ ಹಿರಿಮೆ ಐದು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. 2015ರಲ್ಲಿ ಟೈ ವೂಫಿಂಡನ್ ತಮ್ಮ ಎರಡನೆಯ ಪಟ್ಟವನ್ನು ಗೆದ್ದು ಅದನ್ನು ಸರಿಗಟ್ಟಿದರು.