ಖಂಡಗಳನ್ನು ಅಲುಗಾಡಿಸಿದ ಹವಾಮಾನ ಮೇಷ್ಟ್ರು

ಆಲ್ಫ್ರೆಡ್ ವೆಗೆನರ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹೈಸ್ಕೂಲ್ ಜಿಯಾಗ್ರಫಿಯ ಒಂದು ಮಾರ್ಕಿನ ಉತ್ತರ, ಅಷ್ಟೇ. ರೀಲ್ಸ್‌ನಲ್ಲಿ ಸಿಗೋ ಕಥೆ ಇನ್ನೊಂದು ಥರ: ಒಬ್ಬ ಜೀನಿಯಸ್ ಇದ್ದ, ದಡ್ಡ ವಿಜ್ಞಾನಿಗಳು ನಕ್ಕರು, ಕೊನೆಗೆ ಅವನೇ ಗೆದ್ದ. ನಮಗೆ ಈ ಕಥೆ ಅರ್ಧ ಮಾತ್ರ ಸರಿ ಅನ್ನಿಸುತ್ತೆ.

ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್‌ನಲ್ಲಿ. ಪಿಎಚ್‌ಡಿ ಮಾಡಿದ್ದು ಖಗೋಳಶಾಸ್ತ್ರದಲ್ಲಿ, ಕೆಲಸಕ್ಕೆ ಸೇರಿದ್ದು ಹವಾಮಾನ ಅಧ್ಯಯನಕ್ಕೆ, ಹೆಸರು ಉಳಿದದ್ದು ಭೂವಿಜ್ಞಾನದಲ್ಲಿ. ಬ್ರಾಂಚ್ ಚೇಂಜ್ ಅಂದ್ರೆ ಇದು! 1906ರಲ್ಲಿ ಅಣ್ಣ ಕರ್ಟ್ ಜೊತೆ ಬಲೂನಿನಲ್ಲಿ ಸತತ 52 ಗಂಟೆಗೂ ಹೆಚ್ಚು ಹಾರಿ ವಿಶ್ವದಾಖಲೆ ಮಾಡಿದರು. ಅದೇ ವರ್ಷ ಮೊದಲ ಸಲ ಗ್ರೀನ್‌ಲ್ಯಾಂಡಿಗೆ ಹೋಗಿ ಹಿಮದ ಮೇಲಿನ ಗಾಳಿ, ತಾಪಮಾನ ಅಳೆದರು. ಆ ಹಿಮದ ಹುಚ್ಚು ಕೊನೇವರೆಗೂ ಬಿಡಲಿಲ್ಲ.

ವಾಪಸ್ ಬಂದು ಮಾರ್ಬರ್ಗ್‌ನಲ್ಲಿ ಪಾಠ ಮಾಡುತ್ತಿದ್ದಾಗ, 1910ರ ಕೊನೆಯಲ್ಲಿ, ಅಟ್ಲಾಸ್ ನೋಡ್ತಾ ಇದ್ದವರಿಗೆ ದಕ್ಷಿಣ ಅಮೆರಿಕ, ಆಫ್ರಿಕಾ ಕರಾವಳಿಗಳು ಒಂದಕ್ಕೊಂದು ಕೂರುವುದು ಕಂಡಿತು. ಅದು ಅವರಿಗಿಂತ ಮುಂಚೆಯೂ ಹಲವರಿಗೆ ಕಂಡಿತ್ತು. ವೆಗೆನರ್ ಅಲ್ಲಿಗೇ ನಿಲ್ಲಿಸಲಿಲ್ಲ. ಮರುವರ್ಷ ಪಳೆಯುಳಿಕೆಗಳ ಬಗ್ಗೆ ಓದಲು ಕೂತರು. ಮೆಸೊಸಾರಸ್ ಅನ್ನೋ ಸಣ್ಣ ಸರೀಸೃಪದ ಅವಶೇಷಗಳು ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಸಿಕ್ಕಿದ್ದವು. ಅದೇನು ಸಾಗರ ಈಜಿ ದಾಟಿತ್ತಾ? ಮಧ್ಯೆ ಭೂಸೇತುವೆ ಇತ್ತು, ಅದು ಮುಳುಗಿಹೋಯಿತು ಅಂತ ಆಗಿನವರು ಹೇಳುತ್ತಿದ್ದರು. ವೆಗೆನರ್ ಇದನ್ನು ಒಪ್ಪಲಿಲ್ಲ. ಖಂಡದ ಶಿಲೆ ಸಾಗರತಳದ ಶಿಲೆಗಿಂತ ಹಗುರ. ಥರ್ಮಾಕೋಲ್ ತಾನಾಗಿಯೇ ನೀರಲ್ಲಿ ಮುಳುಗಲ್ಲವಲ್ಲ, ಹಾಗೆ. ಮುಳುಗಲು ಆಗದಿದ್ದರೆ ಪಕ್ಕಕ್ಕೆ ಸರಿದಿರಬೇಕು.

ನಮ್ಮ ದೇಶವೂ ಅವರ ಸಾಕ್ಷಿಗಳ ಪಟ್ಟಿಯಲ್ಲಿತ್ತು. ಗೊಂಡ್ವಾನ ಅನ್ನೋ ಹೆಸರೇ ಮಧ್ಯಭಾರತದ ಗೊಂಡರ ನಾಡಿನದು. ಗ್ಲಾಸಾಪ್ಟೆರಿಸ್ ಗಿಡದ ಎಲೆಗಳು ಇಲ್ಲಿನ ಕಲ್ಲಿದ್ದಲಿನ ಜೊತೆಯೂ ಸಿಗುತ್ತವೆ, ಆಫ್ರಿಕಾ, ಆಸ್ಟ್ರೇಲಿಯಾದಲ್ಲೂ ಸಿಗುತ್ತವೆ. ಒಡಿಶಾದ ತಾಲ್ಚೇರ್‌ನಂಥ ಬಿಸಿಲಿನ ಊರಲ್ಲಿ ಹಿಮನದಿಗಳು ತಂದು ಸುರಿದ ಬಂಡೆಗಳಿವೆ. ಖಂಡಗಳನ್ನೆಲ್ಲ ದಕ್ಷಿಣ ಧ್ರುವದ ಸುತ್ತ ಒಟ್ಟು ಸೇರಿಸಿದರೆ ಮಾತ್ರ ಈ ಲೆಕ್ಕ ಕೂಡುತ್ತೆ. 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇದನ್ನು ಮೊದಲು ಮಂಡಿಸಿದರು. ಮಹಾಯುದ್ಧದಲ್ಲಿ ಎರಡು ಸಲ ಗಾಯಗೊಂಡು, 1915ರಲ್ಲಿ ಪುಸ್ತಕ ತಂದರು.

ಈಗ ಆ ದಡ್ಡ ವಿಜ್ಞಾನಿಗಳ ವಿಷಯ. ಹವಾಮಾನದವನಿಗೆ ಇಲ್ಲೇನು ಕೆಲಸ ಅನ್ನೋ ಕೊಂಕು ಇತ್ತು, ಸುಳ್ಳಲ್ಲ. ಆದರೆ ಅವರು ಕೇಳಿದ ಮುಖ್ಯ ಪ್ರಶ್ನೆ ನಾವು ಮೆಕ್ಯಾನಿಕ್ಸ್ ಕ್ಲಾಸಲ್ಲಿ ದಿನಾ ಕೇಳೋದೇ: ಬಲ ಎಲ್ಲಿಂದ ಬಂತು? ಭೂಮಿಯ ತಿರುಗುವಿಕೆ, ಉಬ್ಬರವಿಳಿತದ ಸೆಳೆತ ಅಂದರು ವೆಗೆನರ್. ಬ್ರಿಟನ್ನಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ, ಆ ಬಲಗಳು ಏನೇನೂ ಸಾಲದು ಅಂತ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹಲವು ಮೀಟರ್ ಸರಿಯುತ್ತಿದೆ ಅಂತಲೂ ವೆಗೆನರ್ ನಂಬಿದ್ದರು. ನಿಜವಾಗಿ ಅದು ಕೆಲವೇ ಸೆಂಟಿಮೀಟರ್. ಅಂದ್ರೆ ಉತ್ತರ ಸರಿ, ಸ್ಟೆಪ್ಸ್ ತಪ್ಪು. ಸ್ಟೆಪ್ ಮಾರ್ಕ್ಸ್ ಕೊಡದ ಎಗ್ಸಾಮಿನರ್‌ಗಳನ್ನು ಬೈಯೋದು ಸುಲಭ, ಆದರೆ ಅವರ ಜಾಗದಲ್ಲಿ ನಾವಿದ್ದಿದ್ದರೂ ಬಹುಶಃ ಅದನ್ನೇ ಮಾಡ್ತಿದ್ವಿ.

ಸ್ಟೆಪ್ಸ್ ಸಿಕ್ಕಿದ್ದು 1960ರ ದಶಕದಲ್ಲಿ, ಸಾಗರತಳದಲ್ಲಿ. ನಡುಸಾಗರದ ಬಿರುಕುಗಳಲ್ಲಿ ಹೊಸ ನೆಲ ಹುಟ್ಟುತ್ತೆ, ಅಂಚಿನಲ್ಲಿ ಹಳೇ ತಟ್ಟೆ ಕೆಳಗೆ ಜಾರುತ್ತೆ, ಹಾಗೆ ಜಾರುವ ತಟ್ಟೆಯ ಭಾರವೇ ಉಳಿದದ್ದನ್ನು ಎಳೆಯುತ್ತೆ. ಗೊಂಡ್ವಾನ ಒಡೆದದ್ದಕ್ಕೆ ಗುರುತು ಬೇಕಿದ್ದರೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ನಾವೆಲ್ಲ ಟ್ರಿಪ್‌ಗೆ ಹೋಗಿ ಸೆಲ್ಫಿ ತೆಗೆಯೋ ಆ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತದಿಂದ ಮಡಗಾಸ್ಕರ್ ಬೇರೆಯಾಗುವ ಹೊತ್ತಲ್ಲಿ ಉಕ್ಕಿದ ಲಾವಾ. ಆಮೇಲೆ ಭಾರತದ ತಟ್ಟೆ ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಓಡಿತು. ತಟ್ಟೆಗಳ ಲೆಕ್ಕದಲ್ಲಿ ಇದು ರ‍್ಯಾಶ್ ಡ್ರೈವಿಂಗ್.

ಇದ್ಯಾವುದನ್ನೂ ವೆಗೆನರ್ ನೋಡಲಿಲ್ಲ. 1930ರಲ್ಲಿ ಅವರು ಮತ್ತೆ ಗ್ರೀನ್‌ಲ್ಯಾಂಡಿನಲ್ಲಿದ್ದರು, ಈ ಸಲ ತಂಡದ ನಾಯಕರಾಗಿ. ಕರಾವಳಿಯಿಂದ 400 ಕಿಲೋಮೀಟರ್ ಒಳಗೆ, ಹಿಮದ ನಟ್ಟನಡುವೆ ಐಸ್‌ಮಿಟ್ಟೆ ಅನ್ನೋ ಠಾಣೆ. ಅಲ್ಲಿ ಗಿಯೋರ್ಗಿ, ಸೋರ್ಗೆ ಎಂಬ ಇಬ್ಬರು ಚಳಿಗಾಲ ಕಳೆಯಬೇಕಿತ್ತು, ಆದರೆ ಸಾಮಾನು ಸಾಕಷ್ಟು ತಲುಪಿರಲಿಲ್ಲ. ಪ್ರೊಪೆಲರ್ ಹಾಕಿದ ಮೋಟಾರ್ ಸ್ಲೆಡ್ಜ್‌ಗಳು ಕೈಕೊಟ್ಟವು. ಸೆಪ್ಟೆಂಬರ್ ಕೊನೆಗೆ ವೆಗೆನರ್ ನಾಯಿಗಾಡಿಗಳಲ್ಲಿ ತಾವೇ ಹೊರಟರು. ಚಳಿ ತಡೆಯಲಾಗದೆ ಜೊತೆಗಿದ್ದ ಗ್ರೀನ್‌ಲ್ಯಾಂಡಿಗರು ಹಿಂದಿರುಗಿದರು, ಒಬ್ಬನನ್ನು ಬಿಟ್ಟು: ರಾಸ್ಮುಸ್ ವಿಲ್ಲುಮ್ಸೆನ್. ಅವನು ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಅಷ್ಟೇ. ವೆಗೆನರ್, ಲೋವೆ, ವಿಲ್ಲುಮ್ಸೆನ್ ಮೂವರೇ ಅಕ್ಟೋಬರ್ 30ಕ್ಕೆ ಠಾಣೆ ಮುಟ್ಟಿದಾಗ ಚಳಿ ಮೈನಸ್ 50 ಡಿಗ್ರಿಗೂ ಕೆಳಗಿಳಿದಿತ್ತು. ಒಯ್ಯಬೇಕಿದ್ದ ಸಾಮಾನೆಲ್ಲ ದಾರಿಯಲ್ಲೇ ಉಳಿದಿತ್ತು. ಲೋವೆಯ ಕಾಲ್ಬೆರಳುಗಳು ಮರಗಟ್ಟಿದ್ದವು; ಮುಂದೆ ಅವನ್ನು ಚಾಕುವಿನಿಂದಲೇ ಕತ್ತರಿಸಬೇಕಾಯಿತು.

ಐದು ಜನಕ್ಕೆ ಊಟ ಸಾಲುತ್ತಿರಲಿಲ್ಲ. ನವೆಂಬರ್ 1ರಂದು, ತಮ್ಮ ಐವತ್ತನೇ ಹುಟ್ಟುಹಬ್ಬದ ದಿನ, ವೆಗೆನರ್ ವಿಲ್ಲುಮ್ಸೆನ್ ಜೊತೆ ಕರಾವಳಿಯತ್ತ ವಾಪಸ್ ಹೊರಟರು.

ಉಳಿದ ಮೂವರು ಹಿಮ ಕೊರೆದು ಮಾಡಿದ ಗುಹೆಯಲ್ಲಿ ಬದುಕುಳಿದರು, ಅಳತೆಗಳನ್ನೂ ಬಿಡಲಿಲ್ಲ. 1931ರ ಮೇ ತಿಂಗಳಲ್ಲಿ ಹುಡುಕಲು ಹೋದವರಿಗೆ ಅರ್ಧದಾರಿಯಲ್ಲಿ, ಹಿಮದಲ್ಲಿ ನೆಟ್ಟಗೆ ನಿಲ್ಲಿಸಿದ ಸ್ಕೀಗಳು ಕಂಡವು. ಕೆಳಗೆ ವೆಗೆನರ್ ದೇಹ, ಜೋಪಾನವಾಗಿ ಹೊಲಿದು ಸುತ್ತಿದ್ದು. ಆ ಚಳಿಯಲ್ಲಿ ಒಬ್ಬನೇ ಅಷ್ಟೆಲ್ಲ ಮಾಡಿ ಮುಂದೆ ಹೊರಟ ವಿಲ್ಲುಮ್ಸೆನ್ ಆಗಲಿ, ಅವನು ಜೊತೆಗೆ ಒಯ್ದ ವೆಗೆನರ್ ಡೈರಿಯಾಗಲಿ ಇವತ್ತಿನವರೆಗೂ ಸಿಕ್ಕಿಲ್ಲ.