ದತ್ತ ಮಂಡಲದ ಮನ್ರೋ

ಸರ್ ಥಾಮಸ್ ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ಅಮೆರಿಕದ ವರ್ಜೀನಿಯದೊಡನೆ ತಂದೆ ನಡೆಸುತ್ತಿದ್ದ ಹೊಗೆಸೊಪ್ಪಿನ ವ್ಯಾಪಾರವು ಅಲ್ಲಿಯ ಸ್ವಾತಂತ್ರ್ಯ ಸಮರದಿಂದ ನೆಲಕಚ್ಚಿತು. ಮಗನು ಈಸ್ಟ್ ಇಂಡಿಯಾ ಕಂಪನಿಯ ಪದಾತಿದಳವನ್ನು ಸೇರಿ 1780ರ ಆರಂಭದಲ್ಲಿ ಮದ್ರಾಸಿಗೆ ಬಂದಿಳಿದನು. ಅದೇ ವರ್ಷ ಹೈದರಾಲಿಯೊಡನೆ ಯುದ್ಧ ಹೊತ್ತಿಕೊಂಡಿತು. 1792ರಿಂದ ಬಾರಾಮಹಲಿನಲ್ಲಿ ರೀಡನ ಕೈಕೆಳಗೆ ಕಂದಾಯದ ಕೆಲಸವನ್ನು ಕಲಿತು, ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆಲಕಾಲ ಕೆನರಾ ಜಿಲ್ಲೆಯನ್ನು ಆಳಿದನು.

1800ರಲ್ಲಿ ನಿಜಾಮನು ತನ್ನ ರಕ್ಷಣೆಗಿದ್ದ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಕರೆಯಲ್ಪಟ್ಟ ಈ ನಾಡಿನಲ್ಲಿ ನಮ್ಮ ರಾಯದುರ್ಗ, ಮಡಕಶಿರಗಳೂ ಸೇರಿದ್ದವು. ಮೊದಲ ಪ್ರಧಾನ ಕಲೆಕ್ಟರನಾಗಿ ಬಂದ ಮನ್ರೋ ಏಳು ವರ್ಷ ಇಲ್ಲಿದ್ದನು. ಬಹುಕಾಲ ಡೇರೆಗಳಲ್ಲಿಯೇ ವಾಸ, ಊರಿಂದೂರಿಗೆ ಪಯಣ. ಸುಮಾರು ಎಂಬತ್ತು ಮಂದಿ ಪಾಳೆಯಗಾರರ ಬಲವನ್ನು ಆತನು ಮುರಿದನು. ಆತನ ಹೊಗಳಿಕೆಯಲ್ಲಿ ಈ ಮಾತು ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಪಾಳೆಯಗಾರರನ್ನು ನಡೆಸಿಕೊಂಡ ಬಿರುಸಿನ ರೀತಿಗೆ ಕಂಪನಿಯ ನಿರ್ದೇಶಕರೇ ಅಸಮಾಧಾನ ಸೂಚಿಸಿದ್ದರು.

ಬಳಿಕ ಹೊಲಹೊಲವನ್ನೂ ಅಳೆಯಿಸಿ, ಮಣ್ಣಿನ ಗುಣ ನೋಡಿ ದರ ಕಟ್ಟಿಸಿದನು. ಮಧ್ಯವರ್ತಿಯಿಲ್ಲದೆ ರೈತನಿಂದಲೇ ಸರಕಾರವು ಕಂದಾಯ ಪಡೆಯುವ ರೈತವಾರಿ ಪದ್ಧತಿ ಹೀಗೆ ಬೇರೂರಿತು. ಆದರೆ ಮಳೆ ಕಡಿಮೆಯ ಈ ನೆಲಕ್ಕೆ ಆ ದರ ಭಾರವಾಗಿತ್ತು. ಇದನ್ನು ಕಂಡುಕೊಂಡ ಮನ್ರೋ 1807ರಲ್ಲಿ ತಾನೇ ಕಟ್ಟಿದ ದರವನ್ನು ನಾಲ್ಕನೆಯ ಒಂದು ಪಾಲು ಇಳಿಸಬೇಕೆಂದು ಬರೆದನು. ಸರಕಾರ ಕೇಳಲಿಲ್ಲ. ಅದರ ಬದಲು ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆದಾರರು ದಿವಾಳಿಯಾದರು, ರೈತರು ಬಡವಾದರು. 1820ರಲ್ಲಿ ಆತನೇ ಮದ್ರಾಸಿನ ಗವರ್ನರನಾಗಿ ಬಂದಾಗ ಮಾತ್ರ ರೈತವಾರಿಯೂ ದರದ ಇಳಿಕೆಯೂ ಕೂಡಿ ಬಂದವು. ನಡುವೆ, 1817–18ರ ಮರಾಠಾ ಯುದ್ಧದಲ್ಲಿ, ಸ್ವಲ್ಪವೇ ಸೇನೆಯೊಡನೆ ಧಾರವಾಡ ಸೀಮೆಯಲ್ಲಿ ಮುನ್ನಡೆದು ಬಾದಾಮಿ, ಬೆಳಗಾವಿಗಳನ್ನು ಹಿಡಿದನು.

ಕನ್ನಡ ವಿದ್ಯಾರ್ಥಿಗಳಿಗೆ ಹೆಚ್ಚು ಬೇಕಾದುದು ಆತನ 1822ರ ಆಜ್ಞೆ. ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಆತನು ಕೇಳಿದನು. ರಾಯದುರ್ಗ, ಮಡಕಶಿರಗಳನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಿಂದ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಇಂಗ್ಲಿಷಿನದು ಒಂದೇ! ಮಕ್ಕಳು ಕಾವ್ಯಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡುವರೆಂದೂ, ಬಡತನದಿಂದ ಅನೇಕರು ಶಾಲೆ ಬಿಡುವರೆಂದೂ ಅದರಲ್ಲಿದೆ. ಆ ಬಡತನಕ್ಕೂ ಕಂದಾಯದ ಭಾರಕ್ಕೂ ಇದ್ದ ನಂಟನ್ನು ಮನ್ರೋಗೆ ಬೇರೆ ಯಾರೂ ತಿಳಿಸಬೇಕಾಗಿರಲಿಲ್ಲ.

1827ರಲ್ಲಿ, ಸ್ವದೇಶಕ್ಕೆ ಮರಳುವ ಮುನ್ನ, ಈ ಸೀಮೆಯನ್ನು ಮತ್ತೊಮ್ಮೆ ನೋಡಲು ಹೊರಟನು. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಗುತ್ತಿಯಲ್ಲಿ ಸಮಾಧಿ ಮಾಡಿದ ದೇಹವನ್ನು 1831ರಲ್ಲಿ ಮದ್ರಾಸಿನ ಕೋಟೆಯೊಳಗಣ ಚರ್ಚಿಗೆ ಸಾಗಿಸಿದರು. ಪತ್ತಿಕೊಂಡದಲ್ಲಿ ಆತನ ನೆನಪಿಗೆ ಸರಕಾರ ಬಾವಿ ತೋಡಿಸಿ ತೋಪು ನೆಡಿಸಿತು. ಈ ಕಡೆಯ ಹಳ್ಳಿಗರು ತಮ್ಮ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು.